ದೂರ ನಿಂತು ನೋಡುವ ಹಕ್ಕಿಗಳು

ರಂಗನತಿಟ್ಟಿನಲ್ಲಿ ದೋಣಿ ಹತ್ತಿ ಹಕ್ಕಿ ನೋಡಿ ಬಂದ ಮಕ್ಕಳಿಗೆ ಕೋಡಿಯಕ್ಕರೈ ಮೊದಲ ಅರ್ಧ ಗಂಟೆ ನಿರಾಸೆಯನ್ನೇ ತರುತ್ತದೆ. ರಂಗನತಿಟ್ಟಿನಲ್ಲಿ ಅಂಬಿಗ ಹುಟ್ಟು ಹಾಕುತ್ತ ದೋಣಿಯನ್ನು ನಡುಗಡ್ಡೆಯ ಬದಿಗೇ ಒಯ್ಯುತ್ತಾನೆ. ಬಣ್ಣದ ಕೊಕ್ಕರೆ ಮರಿಗಳಿಗೆ ಮೀನು ಕಕ್ಕುವುದು, ಚಮಚದ ಕೊಕ್ಕಿನ ಹಕ್ಕಿ ಗೂಡಿಗೆ ಕಡ್ಡಿ ತರುವುದು, ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಬಿಸಿಲು ಕಾಯಿಸುವುದು ಎಲ್ಲವೂ ಬರಿಗಣ್ಣಿಗೇ ಕಾಣುತ್ತದೆ. ಕೋಡಿಯಕ್ಕರೈಯಲ್ಲಿ ಕಾಣುವುದು ಬರೀ ಬಯಲು. ಬೂದು ಬಣ್ಣದ ಕೆಸರು, ಅದರ ಮೇಲೆ ಮೊಣಕಾಲೂ ಮುಳುಗದಷ್ಟು ನೀರು, ನೀರಿನಾಚೆ ಮತ್ತೆ ಕೆಸರು. ಆಕಾಶವೂ ನೆಲವೂ ಕೂಡುವ ಕಡೆ ಯಾರೋ ಸುಣ್ಣದಲ್ಲಿ ಎಳೆದಂತೆ ಒಂದು ಬಿಳಿ ಗೆರೆ. ಅದೇ ರಾಜಹಂಸಗಳ ಹಿಂಡು ಎಂದು ಮಾರ್ಗದರ್ಶಿ ತೋರಿಸಿದಾಗ, "ಅಪ್ಪಾ, ಹತ್ತಿರ ಹೋಗೋಣ" ಎಂಬ ಮಾತು ಬಾರದ ಗುಂಪು ಅಪರೂಪ. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ಅಪ್ಪನ ಮನಸ್ಸಿನಲ್ಲೂ ಅದೇ ಇರುತ್ತದೆ. ಮಾರ್ಗದರ್ಶಿ ಮಾತ್ರ ಅಲ್ಲಾಡುವುದಿಲ್ಲ. "ಇಲ್ಲೇ ನಿಲ್ಲುಂಗ" ಎಂದು ಹೇಳಿ, ಮೂರು ಕಾಲಿನ ಮೇಲೆ ದೂರದರ್ಶಕವನ್ನು ಊರಿ, ಒಬ್ಬೊಬ್ಬರನ್ನೇ ಕರೆದು ಕಣ್ಣಿಡಲು ಹೇಳುತ್ತಾರೆ. ಹತ್ತಿರ ಹೋಗದೆ ಇರುವುದೇ ಇಲ್ಲಿನ ಮೊದಲ ಪಾಠ.

ನಕಾಶೆಯಲ್ಲಿ ಈ ಜಾಗವನ್ನು ಹುಡುಕುವುದು ಸುಲಭ. ಭಾರತದ ಪೂರ್ವ ಕರಾವಳಿ ಮೇಲಿನಿಂದ ನೇರವಾಗಿ ಇಳಿದು ಬಂದು, ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯಲ್ಲಿ ಒಮ್ಮೆಲೇ ಮೊಣಕೈ ಮಡಚಿದಂತೆ ಪಶ್ಚಿಮಕ್ಕೆ ತಿರುಗುತ್ತದೆ. ಆ ಮೊಣಕೈಯೇ ಕೋಡಿಯಕ್ಕರೈ. ಇಂಗ್ಲಿಷರ ನಕಾಶೆಗಳಲ್ಲಿ ಇದು ಪಾಯಿಂಟ್ ಕ್ಯಾಲಿಮೇರ್. ಪೂರ್ವಕ್ಕೆ ಬಂಗಾಳ ಕೊಲ್ಲಿ, ದಕ್ಷಿಣಕ್ಕೆ ಪಾಕ್ ಜಲಸಂಧಿ, ಅದರಾಚೆ ಶ್ರೀಲಂಕಾ. ವೇದಾರಣ್ಯ ಪಟ್ಟಣದಿಂದ ಸುಮಾರು ಹತ್ತು ಕಿಲೋಮೀಟರು. 1967ರಲ್ಲಿ ಇಲ್ಲಿ ವನ್ಯಜೀವಿ ಅಭಯಾರಣ್ಯ ಘೋಷಣೆಯಾಯಿತು. 2002ರಲ್ಲಿ ಅಭಯಾರಣ್ಯದ ಜೊತೆಗೆ ವೇದಾರಣ್ಯದ ಮಹಾ ಜೌಗು ಪ್ರದೇಶ, ಮುತ್ತುಪೇಟೆಯ ಕಾಂಡ್ಲಾ ಕಾಡು ಎಲ್ಲವನ್ನೂ ಸೇರಿಸಿ 38,500 ಹೆಕ್ಟೇರು ಪ್ರದೇಶ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಜಗತ್ತಿನ ಮಹತ್ವದ ಜೌಗು ನೆಲಗಳನ್ನು ಉಳಿಸಿಕೊಳ್ಳುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿ ಅದು.

ಕನ್ನಡಿಗರಿಗೆ ಈ ಊರು ಪರಕೀಯವಲ್ಲ ಎನ್ನಲು ಎರಡು ಕಾರಣಗಳಿವೆ. ಒಂದು, ಸಲೀಂ ಅಲಿ. ಮೈಸೂರು ಸಂಸ್ಥಾನದ ಒಡೆಯರ ಮನವೊಲಿಸಿ 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವಾಗಿಸಿದ ಅದೇ ಸಲೀಂ ಅಲಿಯವರು ಕೋಡಿಯಕ್ಕರೈಯ ಬೆಲೆಯನ್ನೂ ಮೊದಲೇ ಗುರುತಿಸಿ ಹೇಳಿದವರು. ಎರಡನೆಯದು, ಕಾವೇರಿ. ಮುಖ್ಯ ನದಿ ಇನ್ನಷ್ಟು ಉತ್ತರದಲ್ಲಿ, ಪೂಂಪುಹಾರದ ಬಳಿ ಸಮುದ್ರ ಸೇರುತ್ತದೆ ನಿಜ. ಆದರೆ ತಂಜಾವೂರಿನ ಬಯಲಿನಲ್ಲಿ ಕಾವೇರಿ ಹತ್ತಾರು ಕವಲುಗಳಾಗಿ ಒಡೆಯುತ್ತದೆ. ಗದ್ದೆಗಳಿಗೆ ನೀರುಣಿಸಿದ ಮೇಲೆ ಆ ಕವಲುಗಳಲ್ಲಿ ಕೆಲವು ತಮ್ಮ ಕೊನೆಯ ನೀರನ್ನು ಚೆಲ್ಲುವುದು ಈ ಜೌಗಿಗೆ. ಶ್ರೀರಂಗಪಟ್ಟಣದ ಬಳಿ ಕೊಕ್ಕರೆಗಳನ್ನು ಸಾಕುವ ನದಿ, ತನ್ನ ಬಾಲದ ತುದಿಯಲ್ಲಿ ಸೈಬೀರಿಯಾದ ಹಕ್ಕಿಗಳನ್ನು ಸಾಕುತ್ತದೆ. ಈ ಮಾತನ್ನು ಮುಂದೆ ಮತ್ತೆ ನೋಡಬೇಕಾಗುತ್ತದೆ.

ನಡಿಗೆ ಬೆಳಗಿನ ಆರರ ಹೊತ್ತಿಗೆ ಕಾಡಿನಲ್ಲಿ ಶುರುವಾದರೆ ಒಳ್ಳೆಯದು. ಕಾಡು ಎಂದರೆ ಮಲೆನಾಡಿನ ಕಾಡಲ್ಲ. ಸಮುದ್ರದ ಮರಳಿನ ಮೇಲೆ ಬೆಳೆದ, ಎರಡಾಳು ಮೂರಾಳು ಎತ್ತರದ, ವರ್ಷವಿಡೀ ಹಸಿರಾಗಿರುವ ಒಣ ಕಾಡು. ಮರಗಳ ನಡುವಿನ ಹುಲ್ಲು ಬಯಲಿನಲ್ಲಿ ಕೃಷ್ಣಮೃಗಗಳ ಹಿಂಡು ಮೇಯುತ್ತಿರುತ್ತದೆ. ರಾಣೆಬೆನ್ನೂರಿನ ಕಡೆಯ ಮಕ್ಕಳಿಗೆ ಇವು ಹೊಸವಲ್ಲ; ಆದರೆ ಹಿಂದೆ ಸಮುದ್ರದ ಸದ್ದು ಕೇಳುತ್ತಿರುವಾಗ ಕೃಷ್ಣಮೃಗ ನೋಡುವುದು ಬೇರೆಯೇ ಅನುಭವ. ಒಡೆಯರಿಲ್ಲದ ಕುದುರೆಗಳೂ ಇಲ್ಲಿ ಕಾಡುಪ್ರಾಣಿಗಳಂತೆ ತಿರುಗುತ್ತವೆ.

ಅಕ್ಟೋಬರಿನಲ್ಲಿ ಹೋದವರಿಗೆ ಈ ಕಾಡಿನಲ್ಲಿ ನವರಂಗ ಸಿಗಬಹುದು. ಹಸಿರು, ನೀಲಿ, ಕೆಂಪು, ಹಳದಿ, ಕಪ್ಪು, ಬಿಳುಪು ಎಲ್ಲವನ್ನೂ ಮೈಮೇಲೆ ಹೊತ್ತ, ಬಾಲವೇ ಇಲ್ಲವೇನೋ ಎಂಬಂಥ ಈ ಪುಟ್ಟ ಹಕ್ಕಿ ಬೆಳಿಗ್ಗೆ ಆರರ ಹೊತ್ತಿಗೂ ಸಂಜೆ ಆರರ ಹೊತ್ತಿಗೂ ಕೂಗುತ್ತದೆ. ಹಾಗಾಗಿ ತಮಿಳರು ಇದಕ್ಕಿಟ್ಟ ಹೆಸರು 'ಆರುಮಣಿ ಕುರುವಿ', ಆರು ಗಂಟೆಯ ಗುಬ್ಬಿ. ಹೆಸರಿಡುವುದೆಂದರೆ ಹೀಗಿರಬೇಕು! ಉತ್ತರದಲ್ಲಿ ಮರಿಮಾಡಿ ದಕ್ಷಿಣ ಭಾರತಕ್ಕೂ ಶ್ರೀಲಂಕಾಕ್ಕೂ ಬರುವ ಈ ಹಕ್ಕಿ ರಾತ್ರಿ ಹಾರುತ್ತದೆ. ದಣಿದ ನವರಂಗ ದೀಪದ ಬೆಳಕಿಗೆ ಮರುಳಾಗಿ ಮನೆಯೊಳಗೇ ಬಂದು ಬೀಳುವುದೂ ಉಂಟು.

ಕಾಡು ಮುಗಿದು ಬಯಲು ತೆರೆದುಕೊಂಡಾಗ ಮಾರ್ಗದರ್ಶಿಯ ನಡೆಯೇ ಬದಲಾಗುತ್ತದೆ. ಮಾತು ನಿಲ್ಲುತ್ತದೆ. ಗುಂಪು ಒಂದರ ಹಿಂದೆ ಒಂದಾಗಿ ಸಾಲಾಗುತ್ತದೆ. ಸೂರ್ಯ ಬೆನ್ನಿಗಿರುವಂತೆ ದಾರಿ ಹಿಡಿಯುತ್ತಾರೆ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಗಳೂ ಕಪ್ಪು. ಕೆಂಪು ಟೋಪಿ, ಬಿಳಿ ಅಂಗಿ ತೊಟ್ಟು ಬಂದವರು ಹಿಂದಕ್ಕೆ. ಇಲ್ಲಿ ಗಡಿಯಾರಕ್ಕಿಂತ ನೀರಿನ ಮಾತು ದೊಡ್ಡದು. ಕಡಲಿನ ಏರಿಳಿತ ಇಲ್ಲಿ ಗುಜರಾತಿನ ಕೊಲ್ಲಿಗಳಷ್ಟು ಭಾರಿಯಲ್ಲ. ಆದರೆ ನೆಲ ತಟ್ಟೆಯಂತೆ ಸಮತಟ್ಟಾಗಿರುವುದರಿಂದ ನೀರು ಒಂದು ಗೇಣು ಇಳಿದರೂ ಎಷ್ಟೋ ದೂರದವರೆಗೆ ಕೆಸರು ಹೊರಬೀಳುತ್ತದೆ. ಗಾಳಿಯೂ ನೀರನ್ನು ಆಚೆಗೊಮ್ಮೆ ಈಚೆಗೊಮ್ಮೆ ತಳ್ಳುತ್ತದೆ. ನಿನ್ನೆ ಹಕ್ಕಿ ಕಂಡ ಜಾಗದಲ್ಲಿ ಇವತ್ತು ಏನೂ ಇಲ್ಲದಿರಬಹುದು.

ಹತ್ತಿರ ಹೋದರೆ ಏನಾಗುತ್ತದೆ? ಹಕ್ಕಿಗಳು ಹಾರುತ್ತವೆ, ಒಂದು ಸುತ್ತು ಹಾಕಿ ಮತ್ತೆ ಕೂರುತ್ತವೆ, ಅಷ್ಟೇ ತಾನೇ ಎಂದು ಕೇಳುವವರು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರು. ರಂಗನತಿಟ್ಟಿನ ಕೊಕ್ಕರೆಗಳು ಹೆದರುವುದಿಲ್ಲವಲ್ಲ ಎಂಬುದೂ ಸರಿಯಾದ ಪ್ರಶ್ನೆಯೇ. ಅಲ್ಲಿನ ಹಕ್ಕಿಗಳು ಸುತ್ತಲೂ ನೀರಿರುವ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟಿವೆ. ನೀರಿನಲ್ಲಿ ಮೊಸಳೆಗಳ ಕಾವಲು ಬೇರೆ. ದೋಣಿ ದಿನವೂ ಅದೇ ದಾರಿಯಲ್ಲಿ ಬಂದು ಹೋಗುತ್ತದೆ ಎಂಬುದು ಅವಕ್ಕೆ ರೂಢಿಯಾಗಿದೆ. ಕೋಡಿಯಕ್ಕರೈಯ ಕೆಸರಿನಲ್ಲಿ ಅಡಗಲು ಒಂದು ಕಡ್ಡಿಯೂ ಇಲ್ಲ. ನೆಟ್ಟಗೆ ನಡೆದು ಬರುವ ಯಾವುದೇ ಪ್ರಾಣಿ ಆ ಹಕ್ಕಿಗಳಿಗೆ ಅಪಾಯವೇ.

ಈಗ ಸ್ವಲ್ಪ ಲೆಕ್ಕ. ಇಲ್ಲಿಗೆ ಚಳಿಗಾಲ ಕಳೆಯಲು ಬರುವ ಹಕ್ಕಿಗಳಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್ ಎಂಬುದೊಂದು. ಕನ್ನಡದಲ್ಲಿ ಗೊರವ ಎಂದು ಕರೆಯುವ ಗುಂಪಿಗೆ ಸೇರಿದ್ದು. ತೂಕ ಸುಮಾರು 60 ಗ್ರಾಂ, ಅಂದರೆ ಒಂದು ಕೋಳಿಮೊಟ್ಟೆಯಷ್ಟು. ಅದರ ಪಕ್ಕದಲ್ಲೇ ಓಡಾಡುವ ಲಿಟ್ಲ್ ಸ್ಟಿಂಟ್ ಅರ್ಧ ಮೊಟ್ಟೆಯ ತೂಕವೂ ಇರುವುದಿಲ್ಲ. ಕರ್ಲ್ಯೂ ಸ್ಯಾಂಡ್‌ಪೈಪರ್ ಮೊಟ್ಟೆಯಿಡುವುದು ಸೈಬೀರಿಯಾದ ಉತ್ತರ ತುದಿಯಲ್ಲಿ, ತೈಮೀರ್ ಪರ್ಯಾಯ ದ್ವೀಪದಂಥ ಮರವೇ ಬೆಳೆಯದ ನೆಲದಲ್ಲಿ. ಶಾಲೆಯ ಅಟ್ಲಾಸ್ ತೆರೆದು ನೋಡಿದರೆ ಕೋಡಿಯಕ್ಕರೈ 10 ಡಿಗ್ರಿ ಉತ್ತರ ಅಕ್ಷಾಂಶದ ಬಳಿ ಇದೆ. ತೈಮೀರ್ 73 ಡಿಗ್ರಿಯ ಆಸುಪಾಸಿನಲ್ಲಿದೆ. ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ ಗುಣಿಸಿದರೆ ಎಷ್ಟಾಯಿತು? ಹಕ್ಕಿ ಗೆರೆ ಹಾಕಿದಂತೆ ನೇರವಾಗಿ ಹಾರಿದರೂ ಏಳು ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲ. ಈ ದಾರಿಗೆ ಬೇಕಾದ ಬುತ್ತಿಯನ್ನು ಅದು ಮೈಯಲ್ಲೇ ಕೊಬ್ಬಾಗಿ ಕಟ್ಟಿಕೊಳ್ಳಬೇಕು. ದೂರ ಹಾರುವ ಗೊರವಗಳು ಹೊರಡುವ ಮುನ್ನ ತಮ್ಮ ತೂಕವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿಕೊಳ್ಳಬಲ್ಲವು. ಕೆಲವು ಜಾತಿಗಳಲ್ಲಿ ಹಾರುವ ಮುಂಚೆ ಜಠರ, ಕರುಳುಗಳು ಕುಗ್ಗುತ್ತವೆ. ದಾರಿಯಲ್ಲಿ ಊಟವಿಲ್ಲದ ಮೇಲೆ ಅಡಿಗೆಮನೆಯ ಭಾರವೇಕೆ!

ಇಂಥ ಪ್ರಯಾಣಕ್ಕೆ ಈಗ ಉಪಗ್ರಹದ ಸಾಕ್ಷಿಯೂ ಇದೆ. 2022ರಲ್ಲಿ, ಹುಟ್ಟಿ ಕೆಲವೇ ತಿಂಗಳಾಗಿದ್ದ ಒಂದು ಬಾರ್-ಟೇಲ್ಡ್ ಗಾಡ್‌ವಿಟ್ ಅಲಾಸ್ಕಾದಿಂದ ಹೊರಟು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಇಳಿಯಿತು. 13,560 ಕಿಲೋಮೀಟರು, 11 ದಿನ, ನಡುವೆ ಎಲ್ಲೂ ನಿಲ್ಲದೆ. ಅದು ಬೇರೆ ದಾರಿಯ ಹಕ್ಕಿ. ಅದೇ ಜಾತಿಯ ಹಕ್ಕಿಗಳು ಕೋಡಿಯಕ್ಕರೈಗೂ ಬರುತ್ತವೆ.

ಬುತ್ತಿಯ ಲೆಕ್ಕ ಗೊತ್ತಾದ ಮೇಲೆ ಹಾರಿಸಿದರೇನಾಯಿತು ಎಂಬ ಪ್ರಶ್ನೆ ಉಳಿಯುವುದಿಲ್ಲ. ಸಾವಿರ ಗೊರವಗಳು ಒಮ್ಮೆ ಹಾರಿ ಒಂದು ಸುತ್ತು ಹಾಕುವುದು ನೋಡಲು ಬಹಳ ಚೆನ್ನ. ಮೊಬೈಲಿನಲ್ಲಿ ಹಿಡಿಯಲು ಇನ್ನೂ ಚೆನ್ನ. ಆದರೆ ಅವು ಕೂಡಿಟ್ಟ ಕೊಬ್ಬಿನಿಂದಲೇ ಆ ಸುತ್ತಿನ ಖರ್ಚು ಹೋಗುತ್ತದೆ, ಕೆಸರು ತೆರೆದಿರುವ ಕೆಲವೇ ಗಂಟೆಗಳಲ್ಲಿ ಸ್ವಲ್ಪ ಹೊತ್ತೂ ಹೋಗುತ್ತದೆ. ದಿನಕ್ಕೊಂದು ಗುಂಪಾದರೆ ಹೇಗೋ ನಡೆದೀತು. ರಜೆಯ ದಿನಗಳಲ್ಲಿ ಬರುವ ಗುಂಪುಗಳೆಷ್ಟು! ಹಾಗಾಗಿ ಮಾರ್ಗದರ್ಶಿಗಳು ಒಂದು ಗುರುತು ಹೇಳಿಕೊಡುತ್ತಾರೆ. ತಿನ್ನುತ್ತಿದ್ದ ಹಕ್ಕಿ ತಿನ್ನುವುದನ್ನು ಬಿಟ್ಟು ಕತ್ತೆತ್ತಿ ನೋಡಿದರೆ ನಿಂತುಬಿಡಬೇಕು. ಅದು ಮತ್ತೆ ತಲೆ ತಗ್ಗಿಸದಿದ್ದರೆ ಎರಡು ಹೆಜ್ಜೆ ಹಿಂದಕ್ಕೆ. ಹಕ್ಕಿ ಹಾರುವ ಮೊದಲೇ ಗಡಿ ಎಲ್ಲಿದೆ ಎಂಬುದನ್ನು ತಿಳಿಸುತ್ತದೆ, ನೋಡುವವರಿಗೆ ವ್ಯವಧಾನವಿರಬೇಕು ಅಷ್ಟೆ.

ದೂರದರ್ಶಕದಲ್ಲಿ ಕಣ್ಣಿಟ್ಟು ಹತ್ತು ನಿಮಿಷ ಕಳೆದ ಹುಡುಗರಿಗೆ ಕೆಸರು ಬೇರೆಯಾಗಿ ಕಾಣತೊಡಗುತ್ತದೆ. ಮೊದಲು 'ಎಲ್ಲ ಒಂದೇ ಥರ ಕಂದು ಹಕ್ಕಿ' ಎಂದವರೇ ಕೊಕ್ಕು ನೋಡತೊಡಗುತ್ತಾರೆ. ಪ್ಲೋವರ್ ಜಾತಿಯವುಗಳ ಕೊಕ್ಕು ಗಿಡ್ಡ, ಕಣ್ಣು ದೊಡ್ಡದು. ಅವು ನಾಲ್ಕು ಹೆಜ್ಜೆ ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ನೆಲದ ಮೇಲೆ ಏನೋ ಮಿಸುಕಿದ್ದನ್ನು ಕಂಡು ಕುಕ್ಕುತ್ತವೆ. ಲಡಾಖ್, ಟಿಬೆಟ್ಟಿನ ಎತ್ತರದ ಬಯಲುಗಳಲ್ಲಿ ಮರಿ ಮಾಡುವ ಸ್ಯಾಂಡ್ ಪ್ಲೋವರ್‌ಗಳು ಹೀಗೆ ಓಡಿ ನಿಲ್ಲುವುದನ್ನು ನೋಡಿದರೆ 'ಸ್ಟ್ಯಾಚ್ಯೂ' ಆಟ ಆಡುವ ಮಕ್ಕಳ ನೆನಪಾಗುತ್ತದೆ. ಗೊರವಗಳದ್ದು ಬೇರೆ ದಾರಿ. ಅವು ಕಣ್ಣನ್ನು ನಂಬುವುದಿಲ್ಲ. ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕನ್ನು ಕೆಸರಿಗೆ ಚುಚ್ಚುತ್ತಲೇ ಹೋಗುತ್ತವೆ. ಕೊಕ್ಕಿನ ತುದಿಯಲ್ಲಿ ಒತ್ತಡವನ್ನು ಗುರುತಿಸುವ ಸೂಕ್ಷ್ಮ ನರಕೋಶಗಳಿವೆ. ಕಾಣದ ಹುಳುವನ್ನು ಕೊಕ್ಕೇ ಪತ್ತೆ ಹಚ್ಚುತ್ತದೆ. ಗಿಡ್ಡ ಕೊಕ್ಕಿನವಕ್ಕೆ ಮೇಲಿನ ಪದರ, ಉದ್ದ ಕೊಕ್ಕಿನವಕ್ಕೆ ಆಳದ ಪದರ. ಒಂದೇ ಕೆಸರಿನ ಮೇಲೆ ಇಷ್ಟೊಂದು ಜಾತಿಗಳು ಜಗಳವಿಲ್ಲದೆ ಹೇಗೆ ಉಣ್ಣುತ್ತವೆ ಎಂಬುದಕ್ಕೆ ಪಠ್ಯಪುಸ್ತಕದ ಚಿತ್ರಕ್ಕಿಂತ ಒಳ್ಳೆಯ ಉತ್ತರ ಅಲ್ಲಿ ಕಣ್ಣೆದುರೇ ನಡೆಯುತ್ತಿರುತ್ತದೆ.

ರಾಜಹಂಸದ ಊಟವಂತೂ ಉಲ್ಟಾ. ಅದು ತಲೆಯನ್ನು ತಿರುಗುಮುರುಗಾಗಿ ನೀರಿಗಿಳಿಸಿ, ನಾಲಿಗೆಯಿಂದ ನೀರನ್ನು ಒಳಕ್ಕೆಳೆದು ಹೊರದೂಡುತ್ತ, ಕೊಕ್ಕಿನ ಅಂಚಿನ ಜರಡಿಯಲ್ಲಿ ಪಾಚಿ, ಸಣ್ಣ ಸೀಗಡಿಗಳನ್ನು ಸೋಸಿಕೊಳ್ಳುತ್ತದೆ. ಗುಲಾಬಿ ಬಣ್ಣ ಬರುವುದೂ ಆ ಊಟದಿಂದಲೇ. ತಮಿಳಿನಲ್ಲಿ ಇದು 'ಪೂನಾರೈ', ಹೂವಿನ ಕೊಕ್ಕರೆ.

ಇಷ್ಟಾದ ಮೇಲೆ ಮಾರ್ಗದರ್ಶಿ ಕೇಳುವ ಪ್ರಶ್ನೆಗೆ ಗುಂಪು ತಬ್ಬಿಬ್ಬಾಗುತ್ತದೆ: "ಅಲ್ಲಿ ಎಷ್ಟು ಹಕ್ಕಿಗಳಿವೆ?" ಒಬ್ಬ ಇನ್ನೂರು ಎನ್ನುತ್ತಾನೆ, ಇನ್ನೊಬ್ಬಳು ಎರಡು ಸಾವಿರ ಎನ್ನುತ್ತಾಳೆ. ದೊಡ್ಡ ಹಿಂಡನ್ನು ಎಣಿಸುವುದಕ್ಕೆ ಒಂದು ಹಳೆಯ ವಿಧಾನವಿದೆ. ಹಿಂಡಿನ ಒಂದು ಅಂಚಿನಲ್ಲಿ ಹತ್ತು ಹಕ್ಕಿಗಳನ್ನು ಸರಿಯಾಗಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ಮನಸ್ಸಿನಲ್ಲಿ ಗುರುತು ಮಾಡಿಕೊಳ್ಳಬೇಕು. ಅಂಥ ಹತ್ತು ಜಾಗ ಸೇರಿದರೆ ನೂರು. ಆ ನೂರರ ಅಳತೆಯನ್ನು ಹಿಂಡಿನ ಮೇಲೆ ಒಂದೊಂದಾಗಿ ಇಡುತ್ತ ಹೋಗಬೇಕು. ಅಂಚಿನಲ್ಲಿ ಹಕ್ಕಿಗಳು ವಿರಳ, ನಡುವೆ ಒತ್ತಾಗಿರುತ್ತವೆ ಎಂಬುದನ್ನು ಮರೆತರೆ ಲೆಕ್ಕ ಕೆಡುತ್ತದೆ. ಇದನ್ನು ಕಲಿಯಲು ಸಮುದ್ರದ ದಂಡೆಯೇ ಬೇಕಿಲ್ಲ. ಮನೆಯಲ್ಲಿ ಸ್ಟೀಲಿನ ತಟ್ಟೆಗೆ ಅಮ್ಮನೋ ಅಜ್ಜಿಯೋ ಒಂದು ಹಿಡಿ ಹೆಸರುಕಾಳು ಚೆಲ್ಲಲಿ. ಮೂರು ಸೆಕೆಂಡು ನೋಡಿ, ಮೇಲೆ ಟವೆಲ್ಲು ಹೊದಿಸಿ, ಎಷ್ಟಿವೆ ಎಂದು ಎಲ್ಲರೂ ಬರೆದುಕೊಳ್ಳಲಿ. ಆಮೇಲೆ ಎಣಿಸಿ ನೋಡಲಿ. ಮೊದಲ ಕೆಲವು ಸಲ ಬಹುತೇಕರು ಕಡಿಮೆ ಹೇಳುತ್ತಾರೆ, ಅಪ್ಪನೂ ಸೇರಿ. ಒಂದು ವಾರ ಆಡಿದರೆ ಕಣ್ಣು ಪಳಗುತ್ತದೆ. ಆಮೇಲೆ ಆ ಕಾಳನ್ನು ಉಸಲಿ ಮಾಡಬಹುದು.

ಈ ಎಣಿಕೆ ಮಕ್ಕಳಾಟವಾಗಿ ಕಂಡರೂ ಮಕ್ಕಳಾಟವಲ್ಲ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತ ಬಂದಿದೆ. ಅದರಲ್ಲಿ ಸಂಬಳದ ವಿಜ್ಞಾನಿಗಳಿಗಿಂತ ಹವ್ಯಾಸಿಗಳು, ವಿದ್ಯಾರ್ಥಿಗಳದ್ದೇ ದೊಡ್ಡ ಪಾಲು. ಕೋಡಿಯಕ್ಕರೈಯ ದಾಖಲೆ ಅದಕ್ಕೂ ಹಳೆಯದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಇಲ್ಲಿ ದಶಕಗಳ ಕಾಲ ರಾತ್ರಿ ಬಲೆ ಕಟ್ಟಿ, ಹಕ್ಕಿಗಳನ್ನು ಹಿಡಿದು, ತೂಗಿ, ಅಳೆದು, ಕಾಲಿಗೆ ಅಲ್ಯೂಮಿನಿಯಂ ಉಂಗುರ ತೊಡಿಸಿ ಬಿಟ್ಟಿದ್ದಾರೆ. ಉಂಗುರದ ಮೇಲೆ ಒಂದು ಸಂಖ್ಯೆ, ಸೊಸೈಟಿಗೆ ತಿಳಿಸಿ ಎಂಬ ಚಿಕ್ಕ ಒಕ್ಕಣೆ. ಹಕ್ಕಿಗೆ ನೋವಾಗದಂತೆ ಹಿಡಿಯುವ ಕೈಚಳಕವನ್ನು ವಿಜ್ಞಾನಿಗಳಿಗೆ ಕೊಟ್ಟವರು ಯಾರು ಗೊತ್ತೇ? ತಲೆತಲಾಂತರದಿಂದ ಹಕ್ಕಿ ಹಿಡಿದು ಮಾರಿ ಬದುಕುತ್ತಿದ್ದ ಬಿಹಾರದ ಮೀರ್‌ಶಿಕಾರ್ ಜನ. ಹೀಗೆ ಭಾರತದಲ್ಲಿ ಉಂಗುರ ತೊಟ್ಟ ಹಕ್ಕಿಗಳಲ್ಲಿ ಕೆಲವು ಹಿಂದಿನ ಸೋವಿಯತ್ ಒಕ್ಕೂಟದ ದೂರದ ಮೂಲೆಗಳಲ್ಲಿ ಸಿಕ್ಕವು. ಮಧ್ಯ ಏಷ್ಯಾದ ಹಾರುದಾರಿ ಎಂದು ಇವತ್ತು ನಕಾಶೆಯಲ್ಲಿ ತೋರಿಸುವ, 30 ದೇಶಗಳನ್ನು ಹಾಯುವ ಆ ಹೆದ್ದಾರಿಯ ಗೆರೆಗಳು ಮೂಡಿದ್ದು ಇಂಥ ಸಣ್ಣ ಉಂಗುರಗಳಿಂದ.

ಆ ಹಳೆಯ ದಾಖಲೆಗಳನ್ನು ಇಂದಿನ ಎಣಿಕೆಯ ಪಕ್ಕದಲ್ಲಿಟ್ಟವರಿಗೆ ಕಂಡದ್ದು ಸಂತೋಷದ ಸಂಗತಿಯಲ್ಲ. 1980ರ ದಶಕದಲ್ಲಿ ಈ ಜೌಗಿನ ಮೇಲೆ ಇಳಿಯುತ್ತಿದ್ದ ಗೊರವಗಳ ಸಂಖ್ಯೆ ನಂತರದ ದಶಕಗಳಲ್ಲಿ ಬಹಳ ಕುಸಿದಿದೆ. ಕುಸಿದದ್ದು ಅಪರೂಪದ ಹಕ್ಕಿಗಳಷ್ಟೇ ಅಲ್ಲ, ಯಾರೂ ತಿರುಗಿ ನೋಡದ ಕಂದು ಬಣ್ಣದ ಸಾಮಾನ್ಯ ಹಕ್ಕಿಗಳೂ. ಸಾಮಾನ್ಯವಾದದ್ದನ್ನು ಆಗ ಯಾರೂ ಎಣಿಸದೆ ಬಿಟ್ಟಿದ್ದರೆ ಈ ಕುಸಿತ ಗೊತ್ತೇ ಆಗುತ್ತಿರಲಿಲ್ಲ. ನಡಿಗೆಗೆ ಬಂದ ಹುಡುಗರು ಟಿಪ್ಪಣಿ ಪುಸ್ತಕದಲ್ಲಿ ರಾಜಹಂಸವನ್ನು ಮಾತ್ರ ಬರೆದುಕೊಂಡು ಸ್ಟಿಂಟನ್ನು ಬಿಟ್ಟರೆ ಮಾರ್ಗದರ್ಶಿ ಗದರುವುದು ಈ ಕಾರಣಕ್ಕೆ. ನೋಡಹೋದ ಹಕ್ಕಿ ಕಾಣದಿದ್ದರೆ ಅದರ ಹೆಸರಿನ ಮುಂದೆ ಸೊನ್ನೆ ಹಾಕಿ ಎಂದೂ ಹೇಳುತ್ತಾರೆ. ಖಾಲಿ ಬಿಟ್ಟ ಜಾಗಕ್ಕೂ ಸೊನ್ನೆಗೂ ಬಹಳ ವ್ಯತ್ಯಾಸವಿದೆ.

ಏಕೆ ಕುಸಿಯಿತು? ಇಲ್ಲಿ ಉಪ್ಪಿನ ಕತೆ ಬರುತ್ತದೆ. ವೇದಾರಣ್ಯದ ಉಪ್ಪು ಇತಿಹಾಸದ ಪಾಠದಲ್ಲಿದೆ. 1930ರ ಏಪ್ರಿಲಿನಲ್ಲಿ ರಾಜಾಜಿಯವರು ತಿರುಚಿರಾಪಳ್ಳಿಯಿಂದ ನಡೆದು ಬಂದು ಕಾನೂನು ಮುರಿದು ಉಪ್ಪು ತೆಗೆದದ್ದು ಇಲ್ಲಿಯೇ. ಇವತ್ತೂ ಜೌಗಿನ ಬದಿಯಲ್ಲಿ ಸಣ್ಣವರದೂ ದೊಡ್ಡ ಕಾರ್ಖಾನೆಗಳದೂ ಉಪ್ಪಿನ ಪಾತಿಗಳಿವೆ. ಪಾತಿ ಎಂದ ತಕ್ಷಣ ಹಕ್ಕಿಗೆ ಶತ್ರು ಎಂದು ತೀರ್ಪು ಕೊಡುವಂತಿಲ್ಲ. ಸಮುದ್ರದ ನೀರನ್ನು ಮೊದಲು ನಿಲ್ಲಿಸುವ, ಉಪ್ಪು ಇನ್ನೂ ಗಟ್ಟಿಯಾಗದ ಪಾತಿಗಳಲ್ಲಿ ಹಕ್ಕಿಗಳಿಗೆ ಊಟವುಂಟು. ಆದರೆ ನೀರು ಇಂಗಿ ಇಂಗಿ ಉಪ್ಪು ಮಿತಿಮೀರಿದ ಕಡೆ ಹುಳು ಹುಪ್ಪಟೆಗಳ ಜಾತಿಗಳು ಒಂದೊಂದಾಗಿ ಸಾಯುತ್ತವೆ. ಕೊನೆಗೆ ಉಳಿಯುವುದು ಉಪ್ಪುನೀರಿನ ಸಣ್ಣ ಸೀಗಡಿಯಂಥ ಒಂದೆರಡು. ಸೋಸಿ ತಿನ್ನುವ ರಾಜಹಂಸಕ್ಕೆ ಅದು ಸಾಕಾದೀತು, ಕೆಸರು ಕೆದಕುವ ಗೊರವಕ್ಕೆ ಸಾಲದು.

ಈ ಉಪ್ಪನ್ನು ತಿಳಿಮಾಡುವುದು ಸಿಹಿನೀರು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು ಮಳೆ ಒಂದು ಪಾಲು ಕೊಟ್ಟರೆ, ಇನ್ನೊಂದು ಪಾಲು ಕಾವೇರಿಯ ಕವಲುಗಳಿಂದ ಬರಬೇಕು. ಆ ಪಾಲು ದಶಕಗಳಿಂದ ಕಡಿಮೆಯಾಗುತ್ತ ಬಂದಿದೆ. ಮೇಲ್ದಂಡೆಯಲ್ಲಿ ಕೃಷ್ಣರಾಜಸಾಗರ, ಕೆಳಗೆ 1934ರಲ್ಲಿ ಮುಗಿದ ಮೆಟ್ಟೂರು, ಎರಡೂ ರಾಜ್ಯಗಳ ನಾಲೆಗಳು, ಗದ್ದೆಗಳು, ನಗರಗಳು ಎಲ್ಲವೂ ಅದೇ ನದಿಗೆ ಬಾಯಿ ಹಚ್ಚಿವೆ. ಬೆಂಗಳೂರಿನ ನಲ್ಲಿಯಲ್ಲಿ ಬರುವುದೂ ಅದೇ ನೀರು. ಎರಡು ರಾಜ್ಯಗಳು ನೀರಿನ ಲೆಕ್ಕ ಹಾಕುವಾಗ ಎಷ್ಟು ಟಿಎಂಸಿ ಯಾರಿಗೆ ಎಂಬ ಮಾತಿನಲ್ಲಿ ಜೌಗು ನೆಲದ ಪರವಾಗಿ ಗಟ್ಟಿಯಾಗಿ ಕೂಗುವವರು ಕಡಿಮೆ. ನದಿಯ ನೀರು ಸಮುದ್ರಕ್ಕೆ ಹೋದರೆ 'ವ್ಯರ್ಥ' ಎಂದೇ ಎಲ್ಲರ ಬಾಯಲ್ಲೂ ಬರುತ್ತದೆ. ಆ ವ್ಯರ್ಥ ನೀರು ಏನು ಮಾಡುತ್ತದೆ ಎಂಬುದನ್ನು ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದ ಹುಡುಗಿ ಮುಂದೆ ನೀರಾವರಿ ಎಂಜಿನಿಯರ್ ಆದರೆ, ಲೆಕ್ಕ ಹಾಕುವಾಗ ಇನ್ನೊಂದು ಅಂಕಣ ಸೇರಿಸಿಯಾಳು.

ತೊಂದರೆ ನೀರಿನದೊಂದೇ ಅಲ್ಲ. ನಮ್ಮಲ್ಲಿ ಬಳ್ಳಾರಿ ಜಾಲಿ ಎಂದು ಕರೆಯುವ ಮೆಕ್ಸಿಕೊ ಕಡೆಯ ಮುಳ್ಳುಗಿಡ ಕೋಡಿಯಕ್ಕರೈಯನ್ನೂ ಬಿಟ್ಟಿಲ್ಲ; ಕೃಷ್ಣಮೃಗ ಮೇಯುವ ಹುಲ್ಲುಗಾವಲಿನ ಮೇಲೆ ಅದು ಹಬ್ಬುತ್ತದೆ, ಅರಣ್ಯ ಇಲಾಖೆ ಕೀಳಿಸುತ್ತದೆ, ಮತ್ತೆ ಹಬ್ಬುತ್ತದೆ. ಚೋಳರ ಕಾಲದ್ದೆಂದು ಹೇಳಲಾಗುವ ದೀಪಸ್ತಂಭದ ಅವಶೇಷ 2004ರ ಸುನಾಮಿಯಲ್ಲಿ ಹಾಳಾಯಿತು. 2018ರ ನವೆಂಬರ್ 16ರಂದು ಇದೇ ಕರಾವಳಿಗೆ ಅಪ್ಪಳಿಸಿದ ಗಜ ಚಂಡಮಾರುತ ಕಾಡಿನ ಮರಗಳನ್ನು ಸಾಲುಸಾಲಾಗಿ ಉರುಳಿಸಿತು, ಕೃಷ್ಣಮೃಗ ಕುದುರೆಗಳೂ ಸತ್ತವು. ಇವೆಲ್ಲದರ ನಡುವೆಯೂ ಆಗಸ್ಟು ಸೆಪ್ಟೆಂಬರ್ ಬಂತೆಂದರೆ ಹಕ್ಕಿಗಳು ಬರುತ್ತವೆ, ಮೊದಲಿಗಿಂತ ಕಡಿಮೆ ಸಂಖ್ಯೆಯಲ್ಲಿ.

ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಯರಿಗೆ ಕೆಲವು ಮಾತು. ನವೆಂಬರಿನಿಂದ ಜನವರಿಯವರೆಗೆ ಒಳ್ಳೆಯ ಕಾಲ; ಜೌಗಿನ ಭಾಗಕ್ಕೆ ಹೋಗಲು ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ದುರ್ಬೀನು ಕೊಳ್ಳುವುದಾದರೆ 8x40 ಎಂದು ಬರೆದಿರುವುದು ಸಾಕು. ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 40 ಮಿಲಿಮೀಟರಿನದು ಎಂದರ್ಥ. ಹೆಚ್ಚು ಪಟ್ಟಿನದು ತಂದರೆ ಮಕ್ಕಳ ಕೈ ನಡುಗಿ ಏನೂ ಕಾಣುವುದಿಲ್ಲ. ಒಂದೇ ದುರ್ಬೀನಿದ್ದರೆ ಅದು ಮಗುವಿನ ಕೊರಳಲ್ಲಿರಲಿ, ಅಪ್ಪನ ಕೊರಳಲ್ಲಲ್ಲ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ನವರಂಗವನ್ನು ಪೊದೆಯಿಂದ ಹೊರಗೆಳೆಯುವ ಚಾಳಿ ಈಚೆಗೆ ಹೆಚ್ಚಾಗಿದೆ. ದಣಿದು ಬಂದ ಹಕ್ಕಿಗೆ ಇಲ್ಲದ ಎದುರಾಳಿಯನ್ನು ತೋರಿಸಿ ಓಡಾಡಿಸುವುದು ಮೋಸವೇ ಸರಿ. ಮಗು ಅದನ್ನು ನೋಡಿ ಕಲಿಯುತ್ತದೆ ಎಂಬುದು ಇನ್ನೂ ದೊಡ್ಡ ಅಪಾಯ.

ಅಷ್ಟು ದೂರ ಹೋಗಲಾಗದವರು ಕುಮಟಾದ ಬಳಿಯ ಅಘನಾಶಿನಿ ಅಳಿವೆಗೆ ಹೋಗಬಹುದು. 2024ರಲ್ಲಿ ಅದೂ ರಾಮ್ಸಾರ್ ಪಟ್ಟಿ ಸೇರಿದೆ. ನೀರು ಇಳಿದ ಹೊತ್ತು ನೋಡಿ ಹೋದರೆ, ಹೆಂಗಸರು ಬಳಚು ಆರಿಸುವ ಅದೇ ಕೆಸರಿನಲ್ಲಿ ಗೊರವಗಳೂ ತಮ್ಮ ಪಾಲು ಆರಿಸುತ್ತಿರುತ್ತವೆ.

ಮಾರ್ಚ್ ಕಳೆಯುತ್ತಿದ್ದಂತೆ ಕೋಡಿಯಕ್ಕರೈಯ ಕರ್ಲ್ಯೂ ಸ್ಯಾಂಡ್‌ಪೈಪರುಗಳು ಬಣ್ಣ ಬದಲಿಸತೊಡಗುತ್ತವೆ. ಬೂದು ಬಣ್ಣದ ಎದೆಯ ಮೇಲೆ ಮೊದಲು ಅಲ್ಲಲ್ಲಿ, ಆಮೇಲೆ ಪೂರ್ತಿ ಇಟ್ಟಿಗೆಯ ಕೆಂಪು. ಏಪ್ರಿಲಿನಲ್ಲಿ, ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ, ಅವು ಒಂದು ಸಂಜೆ ಗುಂಪು ಗುಂಪಾಗಿ ಮೇಲೆದ್ದು ಉತ್ತರಕ್ಕೆ ಹೊರಟುಬಿಡುತ್ತವೆ. ಎಲ್ಲವೂ ಹೋಗುವುದಿಲ್ಲ. ಹಿಂದಿನ ವರ್ಷವಷ್ಟೇ ಹುಟ್ಟಿ, ಮರಿಮಾಡುವ ವಯಸ್ಸಿಗೆ ಬಾರದ ಹಕ್ಕಿಗಳಲ್ಲಿ ಕೆಲವು ಆ ಬೇಸಗೆಯನ್ನು ಇಲ್ಲೇ ಕಳೆಯುತ್ತವೆ. ಮೇ ತಿಂಗಳ ಬಿಸಿಲಿನಲ್ಲಿ, ಉಳಿದ ಕೊಂಚ ನೀರಿನ ಅಂಚಿನಲ್ಲಿ, ಕೆಂಪೇರದ ಎದೆಯ ಅಂಥ ಕೆಲವು ಹಕ್ಕಿಗಳು ಕೆಸರು ಚುಚ್ಚುತ್ತಿರುವುದು ಕಾಣುತ್ತದೆ. ಆಗ ಎಣಿಸಲು ಹೋಗುವವರು ಕಡಿಮೆ.